ಹೆಸರಿಲ್ಲದ ಚೀಟಿಯ ಹಿಂದೆ ನಾಲ್ಕು ದಿನ

ಮೈಸೂರಿನಿಂದ ಹೊರಟ ರಾತ್ರಿ ರೈಲು ಹೊಸಪೇಟೆ ತಲುಪಿದಾಗ ಬೆಳಗಿನ ಏಳೂವರೆ. ಬೇಸಿಗೆ ಕಾಲಿಡುತ್ತಿದ್ದ ದಿನಗಳು. ಆ ಹೊತ್ತಿಗಾಗಲೇ ಪ್ಲಾಟ್‌ಫಾರ್ಮಿನ ಕಲ್ಲು ಬೆಚ್ಚಗಾಗಿತ್ತು. ನನ್ನ ಬಳಿ ಇದ್ದದ್ದು ಒಂದು ಬಟ್ಟೆಯ ಚೀಲ, ಒಂದು ಕಟ್ಟು ಕೈಪಿಡಿ, ಮತ್ತು ಮುಚ್ಚಳದಲ್ಲಿ ಸೀಳು ಕೊರೆಸಿ ಬೀಗ ಹಾಕಿಸಿದ್ದ ಹಳೆಯ ಬಿಸ್ಕತ್ತಿನ ಡಬ್ಬಿ. ನಿಲ್ದಾಣದ ಹೊರಗೆ ಹೊನ್ನೂರಪ್ಪ ಕಾಯುತ್ತಿದ್ದರು. ಅದಿರಿನ ಲಾರಿಗಳಲ್ಲಿ ವರ್ಷಗಟ್ಟಲೆ ಕ್ಲೀನರ್ ಆಗಿ ದುಡಿದ ಅವರು ಈಗ ನಮ್ಮ ಸಂಸ್ಥೆಯ ಸ್ಥಳೀಯ ಕಾರ್ಯಕರ್ತರು.

"ಡಬ್ಬ್ಯಾಗ ಬಿಸ್ಕೀಟ್ ಅದಾವೇನ್ರಿ ಮೇಡಂ?"

"ಇಲ್ಲ, ಹುಡುಗರ ಪ್ರಶ್ನೆಗಳಿಗೆ" ಎಂದೆ.

"ಹಂಗಾರ ಮೊದ್ಲು ನಾಷ್ಟಾ ಮಾಡೂಣು ಬರ್ರಿ. ಅವರ ಪ್ರಶ್ನಿ ಕೇಳಿದ ಮ್ಯಾಲ ನಿಮಗ ಊಟ ಸೇರಂಗಿಲ್ಲ."

ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಒಗ್ಗರಣೆ ಮಂಡಕ್ಕಿ ಮತ್ತು ಬಿಸಿ ಮಿರ್ಚಿ ತಿಂದೆವು. ನಾಲ್ಕು ದಿನಗಳಲ್ಲಿ ಮೂರು ಸರ್ಕಾರಿ ಪ್ರೌಢಶಾಲೆಗಳ ಒಂಬತ್ತನೆಯ ತರಗತಿಯ ಹುಡುಗರೊಡನೆ ಮಾತನಾಡುವುದು ನಮ್ಮ ಕೆಲಸ. ಇನ್ನೊಬ್ಬರ ಮೇಲೆ ಕೈ ಎತ್ತುವುದು ಗಂಡಸುತನವಲ್ಲವೆಂಬುದು, ಎಚ್.ಐ.ವಿ. ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲವೆಂಬುದು ನಮ್ಮ ವಿಷಯ. ಈ ಎರಡನ್ನೂ ಒಟ್ಟಿಗೆ ಕಲಿಸಬೇಕೆಂದು ನಾನು ಬಹಳ ಸಭೆಗಳಲ್ಲಿ ವಾದಿಸಿದ್ದೇನೆ. ಮಾತನಾಡಲು ನಾಚುವ ಹುಡುಗನೇ ಮುಷ್ಟಿ ಬಿಗಿಯುತ್ತಾನೆ. ಅವನೇ ನಾಳೆ ರಕ್ತ ಪರೀಕ್ಷೆಗೆ ಹೋಗಲೂ ನಾಚುತ್ತಾನೆ.

ಹೊಸಪೇಟೆಯ ಶಾಲೆಯಲ್ಲಿ ಹೊನ್ನೂರಪ್ಪ ನೇರವಾಗಿ ಕೇಳಿದರು: "ಗಂಡಸು ಅಂದ್ರ ಯಾರಲೇ?"

"ಅಳಬಾರ್ದ್ರಿ."

"ಬುಲೆಟ್ ಓಡಸ್ಬೇಕ್ರಿ."

"ಹೆಂಡ್ತಿ ಮಾತು ಕೇಳಬಾರ್ದ್ರಿ."

"ಹಂಗಾದ್ರ ನಾ ಗಂಡಸಲ್ಲ ಬಿಡ್ರಲೇ" ಎಂದರು ಹೊನ್ನೂರಪ್ಪ. "ನನ್ನ ಬುಲೆಟ್ ಹೆಂಡ್ತಿ ಹೆಸ್ರಿನಾಗೈತಿ. ಕೀಲಿನೂ ಆಕಿ ಕಡೆನೇ ಇರ್ತೈತಿ."

ತರಗತಿ ನಕ್ಕಿತು. ಆ ನಗೆಯ ನಂತರವೇ ಮಾತು ಬಂತು. ಕೊನೆಗೆ ಎಲ್ಲರೂ ಹೆಸರಿಲ್ಲದ ಚೀಟಿ ಬರೆದು ಡಬ್ಬಿಗೆ ಹಾಕಿದರು. ಅಲ್ಲಿಯೇ ಬೀಗ ತೆಗೆದು ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿ, ಅಂಗಳದಲ್ಲಿ ಚೀಟಿಗಳನ್ನು ಸುಟ್ಟೆವು. ನಿಯಮ ಅದೇ ಆಗಿತ್ತು.

ಎರಡನೆಯ ದಿನ ಸಂಡೂರಿನ ಕಡೆ. ಬೆಳಗಿನ ಬಸ್ಸಿನಲ್ಲಿ ನನಗೆ ಮಹಿಳೆಯರ ಶೂನ್ಯ ಟಿಕೆಟ್. ಹೊನ್ನೂರಪ್ಪ ಮಾತ್ರ ಹಣ ತೆತ್ತು, "ಗಂಡಸಾಗಿ ಹುಟ್ಟಿದ್ದಕ್ಕ ದಂಡ" ಎಂದರು. ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ತೋರಣಗಲ್ಲು. ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಹತ್ತಿದ ಗುತ್ತಿಗೆ ಕಾರ್ಮಿಕರು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಲ್ಲೇ ನಿದ್ದೆ ಹೋದರು. ವಡ್ಡು ಎಂಬ ಊರು ದಾಟಿದ ಮೇಲೆ ಅದಿರಿನ ಧೂಳಿಗೆ ರಸ್ತೆಬದಿಯ ಬೇವಿನ ಎಲೆಗಳೂ ಕೆಂಪು. ನಾವು ಇಳಿದ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಬರುವ ಶಿವು ಎಂಬ ಹುಡುಗನ ಹೆಸರೂ ನಿಜವಾದುದಲ್ಲ. ಇಷ್ಟನ್ನು ಬರೆಯಲು ಅವನೂ ಅವನ ಅಣ್ಣನೂ ಒಪ್ಪಿದ್ದಾರೆ.

ಅಲ್ಲಿಯೂ ಹುಡುಗರು ಮಾತನಾಡಿದರು, ಚೀಟಿ ಬರೆದರು. ಆದರೆ ಉತ್ತರ ಹೇಳುವ ಮೊದಲೇ ಸಮಯ ಮುಗಿಯಿತು. ಮುಖ್ಯೋಪಾಧ್ಯಾಯರು, "ಚೀಟಿ ಸ್ಟಾಫ್ ರೂಮಿಗೆ ತರ್ರಿ ಮೇಡಂ. ಎಂಥಾ ಪ್ರಶ್ನಿ ಅದಾವ ನೋಡೂಣು. ಉಳದಿದ್ದು ನಮ್ಮ ವಿಜ್ಞಾನದ ಮೇಷ್ಟ್ರು ಹೇಳ್ತಾರ" ಎಂದರು. ಶಿಕ್ಷಕರೇ ಕೆಲಸವನ್ನು ಮುಂದುವರಿಸಲಿ ಎಂಬುದು ನನ್ನ ಹಳೆಯ ಆಸೆ. ಹೇಗೂ ಹೆಸರಿಲ್ಲವಲ್ಲ ಎಂದು ಡಬ್ಬಿಯನ್ನು ಮೇಜಿನ ಮೇಲೆ ಸುರಿದೆ.

ಕನ್ನಡದ ವಿರೂಪಾಕ್ಷಪ್ಪ ಮೇಷ್ಟ್ರು ಒಂದು ಚೀಟಿ ಎತ್ತಿಕೊಂಡವರೇ ಮುಖವರಳಿಸಿದರು. "ಅಯ್ಯ, ಇದು ನಮ್ಮ ಶಿವೂನ ಅಕ್ಷರ! ಎಷ್ಟು ಕಾಪಿ ತಿದ್ದೀನಿ, ಗೊತ್ತಾಗಂಗಿಲ್ಲೇನ್ರಿ?"

ಒಳ್ಳೆಯ ಅಕ್ಷರದ ಹೆಮ್ಮೆ ಅದು, ಬೇರೇನಲ್ಲ. ಆದರೆ ಪಕ್ಕದಲ್ಲಿದ್ದವರು ಆ ಚೀಟಿಯನ್ನು ಗಟ್ಟಿಯಾಗಿ ಓದಿಬಿಟ್ಟರು: "ನಮ್ಮಣ್ಣ ಲಾರಿ ಓಡಸ್ತಾನ. ಅವಂಗ ಎಚ್.ಐ.ವಿ. ಐತಿ. ಸಣ್ಣವರಿದ್ದಾಗಿಂದ ನಾವಿಬ್ರು ಒಂದ ತಾಟಿನಾಗ ಉಂಡೀವಿ. ನನಗೂ ಬರ್ತೈತೇನ್ರಿ?"

ಬಿಸಿಯೂಟದ ಅಡುಗೆಯಾಕೆ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಅರ್ಧ ಗಂಟೆಯ ನಂತರ ಊಟದ ಗಂಟೆ ಹೊಡೆಯಿತು. ವರಾಂಡದಲ್ಲಿ ಸ್ಟೀಲಿನ ತಟ್ಟೆಗಳ ರಾಶಿ, ಅನ್ನ, ಸಾರು, ಮೊಟ್ಟೆ. ಶಿವುವಿನ ಸರದಿ ಬಂದಾಗ ಅಡುಗೆಯಾಕೆ ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಇಟ್ಟಿದ್ದ ತಟ್ಟೆಯನ್ನು ತೋರಿಸಿದಳು. "ನೀ ಅದರಾಗ ಉಣ್ಣಪ. ತೊಳದು ಮತ್ತ ಅಲ್ಲೇ ಇಡು."

ಹುಡುಗ ಏನೂ ತಿಳಿಯದೆ ನಿಂತ. ಹಿಂದಿದ್ದ ಪಂಪ ಎಂಬವನಿಗೆ ಅಷ್ಟರಲ್ಲಿ ಸುದ್ದಿ ತಲುಪಿತ್ತು. "ಲೇ, ಇವನ ತಾಟು ಮುಟ್ಟಬ್ಯಾಡ್ರಲೇ! ಅವರಣ್ಣಂದು ಇವಗೂ ಬಂದಿರ್ತೈತಿ!"

ಶಿವು ತಿರುಗಿ ಅವನ ಮುಖಕ್ಕೆ ಗುದ್ದಿದ. ಪಂಪನ ಕೆಳದುಟಿ ಒಡೆದು ರಕ್ತ ಬಂತು. ಮುಖ್ಯೋಪಾಧ್ಯಾಯರು ಬೆತ್ತ ಹಿಡಿದು ಓಡಿಬಂದು ಶಿವುವಿನ ಬೆನ್ನಿಗೆ ಎರಡು ಏಟು ಹಾಕಿದರು. "ಮನಿಯಾಗಿನ ಹಿರೇರನ್ನ ಕರ್ಕೊಂಡು ಬಾ. ಟಿ.ಸಿ. ತಗಂಡ್ ಹೋಗು!" ಹುಡುಗ ಚೀಲ ಎತ್ತಿಕೊಂಡು ಗೇಟು ದಾಟಿದ. ನಾನು ಹಿಂದೆ ಓಡಿದೆ. ಅವನು ತಿರುಗಿ ನೋಡಲಿಲ್ಲ.

ಮಕ್ಕಳಿಗೆ ಬೆತ್ತ ಎತ್ತುವುದು ಕಾನೂನಿಗೆ ವಿರುದ್ಧ. ಒಬ್ಬರ ಎಚ್.ಐ.ವಿ. ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದೂ ವಿರುದ್ಧ. ತಟ್ಟೆ ಬೇರೆ ಇಡುವುದು ಈ ನೆಲದ ಹಳೆಯ ಅಸ್ಪೃಶ್ಯತೆಯ ಹೊಸ ರೂಪ. ಇವನ್ನೆಲ್ಲ ಮುಖ್ಯೋಪಾಧ್ಯಾಯರಿಗೆ ನಿಂತ ಜಾಗದಲ್ಲೇ ಹೇಳಿದೆ. ಅವರು ಬೆತ್ತವನ್ನು ಬೀರುವಿನ ಮೇಲಿಟ್ಟು, "ಎಲ್ಲಾ ಖರೇ ಮೇಡಂ. ಡಬ್ಬಿ ಸುರಿದೋರು ಯಾರು?" ಎಂದರು. ಹೆಸರು ಬೇಡವೆಂದ ಮಾತ್ರಕ್ಕೆ ಚೀಟಿಗೆ ಹೆಸರಿಲ್ಲದಂತಾಗುವುದಿಲ್ಲ. ಪ್ರತಿದಿನ ಕಾಪಿ ತಿದ್ದುವವರಿಗೆ ಅಕ್ಷರವೇ ಹೆಸರು. ಹೊರಗಿನಿಂದ ಬಂದ ನನಗೆ ಅದು ಹೊಳೆದಿರಲಿಲ್ಲ. ಮೊದಲ ತಪ್ಪು ನನ್ನದು.

ಮರುದಿನದ ಕೆಲಸ ಕಂಪ್ಲಿಯಲ್ಲಿತ್ತು. ಹೊನ್ನೂರಪ್ಪ ಲಾರಿ ಗೆಳೆಯರ ಮೂಲಕ ಶಿವುವಿನ ಅಣ್ಣನ ನಂಬರು ಪಡೆದು, ಹುಡುಗ ಕಂಪ್ಲಿಯಲ್ಲೇ ಅತ್ತೆಯ ಮನೆಯಲ್ಲಿದ್ದಾನೆಂದು ತಿಳಿದುಕೊಂಡಿದ್ದರು. ಹೊಸಪೇಟೆಯಿಂದ ಒಂದು ಗಂಟೆಯ ದಾರಿ. ಕಮಲಾಪುರ ದಾಟುತ್ತಲೇ ಬಂಡೆಗಳ ನಡುವೆ ಬಾಳೆತೋಟ, ಮುಂದೆ ಕಾಲುವೆ ನೀರಿನ ಭತ್ತದ ಗದ್ದೆ. ಹಿಂದಿನ ದಿನದ ಕೆಂಪು ಧೂಳು ನನ್ನ ಚಪ್ಪಲಿಯಲ್ಲಿ ಇನ್ನೂ ಇತ್ತು.

ಶಿವು ಹೊಸ್ತಿಲ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಏಳಲಿಲ್ಲ. "ನೀವ ಹೆಸ್ರು ಹಾಕಬ್ಯಾಡ್ರಿ ಅಂದ್ರಿ. ನಾ ಹಾಕ್ಲಿಲ್ಲ."

"ನೀನು ಸರಿಯಾಗಿಯೇ ಮಾಡಿದೆ. ತಪ್ಪಿದ್ದು ನಾನು. ಕ್ಷಮೆ ಕೇಳಲು ಬಂದಿದ್ದೇನೆ."

"ಕ್ಷಮಾ ತಗಂಡು ಏನ್ ಮಾಡ್ಲಿ? ಊರಿಗೆಲ್ಲ ಗೊತ್ತಾತು. ಟಿ.ಸಿ. ಅಂದ್ರು. ಮತ್ತ ನನ್ನ ಪ್ರಶ್ನಿಗೆ ಉತ್ರ ಎಲ್ಲೈತ್ರಿ?"

ಇಷ್ಟೆಲ್ಲ ನಡೆದರೂ ಅವನ ಪ್ರಶ್ನೆಗೆ ಯಾರೂ ಉತ್ತರ ಹೇಳಿರಲಿಲ್ಲ. ಕಾನೂನು ವಿವರಿಸಿದ ನಾನೂ ಹೇಳಿರಲಿಲ್ಲ.

ಹೊಸ್ತಿಲ ಮೇಲೆ ಅವನ ಪಕ್ಕ ಕುಳಿತು ಹೇಳಿದೆ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ಅದು ಬರುವುದು ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕದಿಂದ, ಸೋಂಕಿರುವ ರಕ್ತ ಮತ್ತು ಸೂಜಿಯಿಂದ, ತಾಯಿಯಿಂದ ಮಗುವಿಗೆ. ಅಣ್ಣ ದಿನವೂ ಮಾತ್ರೆ ತೆಗೆದುಕೊಂಡರೆ ಎಲ್ಲರಂತೆ ಬಹುಕಾಲ ಬಾಳಬಲ್ಲ. ಗಡ್ಡದ ಬ್ಲೇಡು ಮಾತ್ರ ಅವನದು ಅವನಿಗಿರಲಿ.

"ನಂಗೆಲ್ಲಿ ಗಡ್ಡ ಬಂದೈತ್ರಿ?" ಎಂದ. ಆಮೇಲೆ, ತಲೆ ಎತ್ತದೆ: "ಒಂದ್ ತಿಂಗ್ಳಾತು, ಅಣ್ಣನ ಜೋಡಿ ಉಂಡಿಲ್ಲ. ಹೊಟ್ಟಿ ನೋವು ಅಂತ ಸುಳ್ಳು ಹೇಳೀನಿ. ಅವ ದಿನಾ ಜೀರಗಿ ನೀರು ಕುದಿಸಿ ಕೊಡ್ತಾನ."

ನಾವು ಶಾಲೆಗೆ ಹೊರಟಾಗ ಅವನೇ ಕರೆದ. "ಮೇಡಂ, ಇಲ್ಲೂ ಚೀಟಿ ಬರಸ್ತೀರೇನು? ಹಂಗಾರ ಎಲ್ರಿಗೂ ಎಡಗೈಲೆ ಬರೀರಿ ಅನ್ರಿ. ಎಡಗೈ ಅಕ್ಷರ ಯಾವ ಮೇಷ್ಟ್ರಿಗೂ ಗೊತ್ತಾಗಂಗಿಲ್ಲ."

ಕಂಪ್ಲಿಯ ಶಾಲೆಯಲ್ಲಿ ಹಾಗೆಯೇ ಮಾಡಿದೆವು. ಹುಡುಗರು ನಾಲಿಗೆ ಕಚ್ಚಿಕೊಂಡು, ನಗುತ್ತ, ಅಡ್ಡಾದಿಡ್ಡಿ ಗೀಚಿದರು. ಒಬ್ಬ ಎದ್ದುನಿಂತು, "ಮೇಡಂ, ನಾ ಎಡಚ ಅದೀನ್ರಿ!" ಎಂದ. "ನೀ ಬಲಗೈಲೆ ಬರಿಯಲೇ, ಮಾರಾಯ" ಎಂದರು ಹೊನ್ನೂರಪ್ಪ. ಡಬ್ಬಿಯನ್ನು ತರಗತಿಯಲ್ಲೇ ತೆರೆದು, ಕೊನೆಯ ಪ್ರಶ್ನೆಗೂ ಉತ್ತರ ಹೇಳುವವರೆಗೆ ನಾವು ಹೊರಡಲಿಲ್ಲ. ನಾಲ್ಕು ಗಂಟೆಯ ಬಸ್ಸು ತಪ್ಪಿತು.

ಶಿವುವಿನ ಅಣ್ಣ ಹಂಪಿಯಲ್ಲಿ ಭೇಟಿಯಾಗುತ್ತೇನೆಂದಿದ್ದ. ಕಮಲಾಪುರದಲ್ಲಿ ಇಳಿದು ಆಟೋ ಹಿಡಿದೆವು. ನೂರೈವತ್ತು ಕೇಳಿದವರು ನೂರಕ್ಕೆ ಒಪ್ಪಿದರು. ಹೊಳೆಯ ಮೆಟ್ಟಿಲುಗಳ ಮೇಲೆ ಪ್ರವಾಸಿಗರು ಬಂಡೆಗಳಿಗೆ ಬೆನ್ನುಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬೈಕು ನಿಲ್ಲಿಸಿ ಬಂದವನಿಗೆ ಇಪ್ಪತ್ತೈದರ ಆಸುಪಾಸು. ಕಾಲರಿಗೆ ಅದಿರಿನ ಬಣ್ಣ ಹತ್ತಿತ್ತು. "ಇಲ್ಲೇ ಕುಂದ್ರಿ ಮೇಡಂ. ಇಲ್ಲಿ ಎಲ್ರೂ ಕಲ್ಲು ನೋಡ್ತಾರ, ಮಂದಿ ಮಾರಿ ಯಾರೂ ನೋಡಂಗಿಲ್ಲ."

ಚೀಟಿಯ ಪ್ರಶ್ನೆಯಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿ ತಪ್ಪೊಪ್ಪಿಕೊಂಡೆ. ದೂರು ಕೊಡುವ ಹಕ್ಕು ಅವನಿಗಿದೆ, ನನ್ನ ಮೇಲೂ ಕೊಡಬಹುದು ಎಂದೆ. ಅವನು ನೀರನ್ನೇ ನೋಡುತ್ತಿದ್ದ.

"ಅವ ಹೊಟ್ಟಿ ನೋವು ಅಂದಿದ್ದ. ನಾ ನಂಬಿದ್ದೆ" ಎಂದ. ಆಮೇಲೆ, "ದೂರು ಕೊಟ್ರ ಮತ್ತ ಹತ್ತು ಮಂದಿಗೆ ಗೊತ್ತಾಗ್ತೈತಿ. ನನ್ನ ಸುದ್ದಿ ಹೊರಗ ಬಿತ್ತು, ಬೀಳ್ಲಿ. ಅವನ ಸಾಲಿ ಹೋಗಬಾರ್ದು. ನಾಳಿ ನಾನ ಕರ್ಕೊಂಡು ಬರ್ತೀನಿ."

ನಾಲ್ಕನೆಯ ದಿನ ಅಣ್ಣತಮ್ಮಂದಿರು ನಮಗಿಂತ ಮೊದಲೇ ಶಿವುವಿನ ಶಾಲೆಯ ಗೇಟಿನಲ್ಲಿದ್ದರು. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅಣ್ಣ ಕೂರಲಿಲ್ಲ. "ಸರ್, ಹೊಡದಿದ್ದು ನಮ್ಮ ಹುಡುಗನ ತಪ್ಪು. ಅವ ಪಂಪಗ ಹೇಳ್ತಾನ. ಉಳದ ತಪ್ಪು ನಿಮ್ಮವು. ಟಿ.ಸಿ. ಮಾತ್ರ ಕೊಡಬ್ಯಾಡ್ರಿ." ಮುಖ್ಯೋಪಾಧ್ಯಾಯರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು. ಕೊನೆಗೆ, "ಕ್ಲಾಸಿಗೆ ಹೋಗಪ" ಎಂದರು. ಬೆತ್ತ ಬೀರುವಿನ ಮೇಲೇ ಇತ್ತು. ಆ ಕುರಿತು ಶಿಕ್ಷಣ ಇಲಾಖೆಗೆ ಬರೆಯುತ್ತೇನೆಂದು ಅವರಿಗೆ ತಿಳಿಸಿದೆ. ನಂತರ ಬರೆದೂ ಬರೆದೆ.

ತರಗತಿಯ ಮುಂದೆ ನಿಂತು, ನಿಮ್ಮ ಚೀಟಿಗಳನ್ನು ನಾನು ಕಾಯಲಿಲ್ಲ ಎಂದು ಒಪ್ಪಿಕೊಂಡೆ. ಉಳಿದಿದ್ದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದೆ. ತಟ್ಟೆಯ ಪ್ರಶ್ನೆ ಬಂದಾಗ ಯಾರೂ ನಗಲಿಲ್ಲ. ಶಿವು ಎದ್ದು, "ಹೊಡೀಬಾರ್ದಿತ್ತಲೇ ಪಂಪ" ಎಂದ. ಹೊಲಿಗೆ ಬಿದ್ದ ತುಟಿಯ ಪಂಪ ಕಿಟಕಿಯ ಕಡೆ ನೋಡಿದ.

ಊಟದ ಗಂಟೆ ಹೊಡೆಯಿತು. ಆ ಒಂಟಿ ತಟ್ಟೆ ಕಿಟಕಿಯ ಕಟ್ಟೆಯ ಮೇಲೆಯೇ ಇತ್ತು. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಶಿಕ್ಷಕರು ಅಡುಗೆಯ ರುಚಿ ನೋಡಬೇಕೆಂಬುದು ಬಿಸಿಯೂಟದ ಪದ್ಧತಿ. ಅಂದಿನ ಸರದಿ ವಿರೂಪಾಕ್ಷಪ್ಪ ಮೇಷ್ಟ್ರದು. ಅವರು ಕಿಟಕಿಯ ಬಳಿ ಹೋಗಿ ಆ ತಟ್ಟೆಯನ್ನೇ ಎತ್ತಿಕೊಂಡು ಬಂದರು. "ಇದಕ್ಕ ಹಾಕ್ರಿ ಅಮ್ಮಾ" ಎಂದರು. ಅಡುಗೆಯಾಕೆ ಅವರ ಮುಖ ನೋಡಿ, ಅನ್ನ ಹಾಕಿ ಸಾರು ಬಿಟ್ಟಳು. ಇಡೀ ಸಾಲಿನ ಎದುರು ನಿಂತೇ ಉಂಡು, "ಉಪ್ಪು ಸ್ವಲ್ಪ ಕಡಿಮಿ" ಎಂದರು. ನಳದಲ್ಲಿ ತಟ್ಟೆ ತೊಳೆದು, ರಾಶಿಯ ಅರ್ಧ ತಟ್ಟೆಗಳನ್ನು ಎತ್ತಿ, ಅದನ್ನು ನಡುವೆ ಸೇರಿಸಿ, ಮತ್ತೆ ಮೇಲೆ ಪೇರಿಸಿದರು. ಎಲ್ಲವೂ ಒಂದೇ ಅಳತೆಯ ಸ್ಟೀಲಿನ ತಟ್ಟೆಗಳು. ಯಾವುದು ಯಾವುದೆಂದು ಇನ್ನು ಯಾರಿಗೂ ಹೇಳಲಾಗುವಂತಿರಲಿಲ್ಲ.

ಶಿವು ರಾಶಿಯ ಮುಂದೆ ತಡೆದು ನಿಂತ. ಹಿಂದಿನಿಂದ ಪಂಪನ ದನಿ ಬಂತು, ಹೊಲಿಗೆಯಿಂದಾಗಿ ತುಸು ತೊದಲು: "ಜಲ್ದಿ ಯಾವುದಾರ ಒಂದು ತಗಳಲೇ. ಸಾರು ಆರ್ತೈತಿ."

ಸಂಜೆಯ ಬಸ್ಸು ವಡ್ಡಿನ ಬಳಿ ಅದಿರಿನ ಲಾರಿಗಳ ಸಾಲಿನಲ್ಲಿ ಅರ್ಧ ಗಂಟೆ ನಿಂತಿತು. ಹೊನ್ನೂರಪ್ಪನವರ ಫೋನಿಗೆ ಶಿವುವಿನ ಅಣ್ಣನಿಂದ ಕರೆ ಬಂತು. ಮಾತು ಮುಗಿಸಿ ಅವರು ನನ್ನ ಕಡೆ ತಿರುಗಿದರು: "ಇವತ್ತು ತಮ್ಮಗ ಜೀರಗಿ ನೀರು ಕುದಿಸಂಗಿಲ್ಲ ಅಂತ್ರಿ ಮೇಡಂ." ನಾನು ಕಿಟಕಿಯಿಂದ ಹಿಂದೆ ನೋಡಿದೆ. ಧೂಳಿನಲ್ಲಿ ಊರು ಕಾಣಲಿಲ್ಲ. ಕೆಂಪು ಬೇವಿನ ಮರಗಳಷ್ಟೇ ಕಂಡವು. ಮಡಿಲಲ್ಲಿ ಖಾಲಿ ಡಬ್ಬಿ ಇತ್ತು.