ಕೀಲಿಮಣೆ ಮುಟ್ಟದ ಮೇಡಂ

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಇನ್ನೂ ದೀಪ ಹಾಕಿಲ್ಲ. ಹಾಕುವ ತುರ್ತೂ ಇಲ್ಲ; ಇಷ್ಟು ಬೆಳಿಗ್ಗೆ ಇಲ್ಲಿಗೆ ಬರುವವರಿಗೆ ಕಣ್ಣು ಕಾಣುವುದಿಲ್ಲ. ಮೇಲಿನ ಕಿಂಡಿಯಿಂದ ಇಳಿದ ಚೂರು ಬೆಳಕಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಎರಡೂ ಅಂಗೈಗಳನ್ನು ತೊಡೆಯಡಿಗೆ ತೂರಿಸಿ, ಅವುಗಳ ಮೇಲೆ ಭಾರ ಬಿಟ್ಟು ಕೂತಿದ್ದಾರೆ. ಚಳಿಗಲ್ಲ.

"ಕೈ ಸುಮ್ನಿರಲ್ಲ, ಅದಕ್ಕೆ," ಎನ್ನುತ್ತಾರೆ. "ನಾನು ಕೈ ಹಾಕಿದ್ರೆ ಬೇಗ ಮುಗಿಯುತ್ತೆ. ಆದ್ರೆ ಆಗ ಅದು ನನ್ನದಾಗುತ್ತೆ, ಅವರದ್ದಾಗಲ್ಲ."

ಕಚೇರಿಯ ಲೆಕ್ಕದಲ್ಲಿ ಇವರು ಕಂಪ್ಯೂಟರ್ ಕೋಣೆಯ ಸಹಾಯಕಿ. ಬೀಗ ತೆಗೆಯಬೇಕು, ಧೂಳು ಒರೆಸಬೇಕು, ಬನ್ನು ತಿನ್ನುವವರನ್ನು ಹೊರಗೆ ಕಳಿಸಬೇಕು. ಕೋಣೆ ಎಲ್ಲರಿಗೂ ತೆರೆಯುವ ಮೊದಲು ಕಣ್ಣಿಲ್ಲದವರಿಗೆ ಇ-ಮೇಲ್ ಹಾಕಿಕೊಡಬೇಕೆಂದು ಯಾರೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ಕಲಿತವರು ಇಟ್ಟ ಹೆಸರು 'ಕೈಕಟ್ಟಿ ಮೇಡಂ'. ಎಷ್ಟು ಜನ ಕಲಿತರೆಂದು ಕೇಳಿದರೆ, "ಮತ್ತೆ ಬರದೇ ಇರೋವ್ರನ್ನ ಎಣಿಸ್ಕೊಳ್ಳಿ," ಎಂದು ನಗುತ್ತಾರೆ.

ಇಂದಿನ ವಿದ್ಯಾರ್ಥಿ ಗಡಿಯಾರ ರಿಪೇರಿಯವರು. ಸಾಸಿವೆಯಷ್ಟು ತಿರುಪುಗಳನ್ನು ಕೂರಿಸಿ ಕೂರಿಸಿ ದಣಿದ ಕಣ್ಣು ಈಗ ಪೂರ್ತಿ ಹೋಗಿದೆ. ದೂರದ ಊರಿನಲ್ಲಿ ಒಬ್ಬರು ಅಕ್ಕ ಇದ್ದಾರೆ. ಆಕೆಗೆ ಕಿವಿ ಕೇಳದ ಕಾರಣ ಫೋನು ದಂಡ. ಅಕ್ಕನ ಇ-ಮೇಲನ್ನು, ಇವರ ಬಾಯಲ್ಲಿ 'ಕಾಗದ'ವನ್ನು, ಸೊಸೆಯೇ ಓದಿ ಹೇಳಬೇಕು.

"ಒಳ್ಳೆ ಹುಡುಗಿ. ತೊಂದ್ರೆ ಇರೋದೇ ಅಲ್ಲಿ," ಎನ್ನುತ್ತಾರೆ ಮಾವ. "ನಾನು ನೊಂದ್ಕೋತೀನಿ ಅಂತ ಕೆಟ್ಟದ್ದನ್ನೆಲ್ಲ ಹಾರಿಸ್ತಾಳೆ. ಅಕ್ಕ ಸೊಂಟ ಮುರ್ಕೊಂಡಿದ್ದು ನಂಗೆ ತಿಳಿದಿದ್ದು, ಅವಳು ಎದ್ದು ಓಡಾಡೋಕೆ ಶುರು ಮಾಡಿದ್ಮೇಲೆ. ಮೊನ್ನೆ ಮತ್ತೆ ಕಾಗದ ಬಂತು. 'ಎಲ್ಲಾ ಚೆನ್ನಾಗಿದೆಯಂತೆ ಮಾವ' ಅಂತ ಓದಿದ್ಲು. ನಮ್ಮಕ್ಕ ಹುಟ್ಟಿದಾಗಿನಿಂದ ಎಲ್ಲಾ ಚೆನ್ನಾಗಿದೆ ಅಂದವಳಲ್ಲ."

ಮೇಡಂ ಹಾಕಿಕೊಡುವುದು ಬರೀ ಅಕ್ಷರಗಳಿಂದ ನಡೆಯುವ ಇ-ಮೇಲ್ ಪ್ರೋಗ್ರಾಂ. ಕಪ್ಪು ಪರದೆ, ಬಿಳಿ ಸಾಲು. ಚಿತ್ರವಿಲ್ಲ, ಮೌಸ್ ಬೇಡ. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದುವ ಯಂತ್ರದ ದನಿ ಬಣ್ಣದ ಪುಟಗಳಲ್ಲಿ ಸಿಕ್ಕಸಿಕ್ಕ ಜಾಹೀರಾತನ್ನೆಲ್ಲ ಮಾತಾಡಿಸುತ್ತ ದಾರಿ ತಪ್ಪುತ್ತದೆ. ಇಲ್ಲಿ ಅದು ಮೊದಲ ಸಾಲಿನಿಂದ ಕೊನೆಯ ಸಾಲಿಗೆ ನೆಟ್ಟಗೆ ನಡೆಯುತ್ತದೆ.

ಮೇಡಂ ಇದನ್ನು ಹುಡುಕಿ ಕಲಿತದ್ದು ತಮ್ಮ ಅಮ್ಮನಿಗಾಗಿ. ಆಕೆಗೂ ಕಣ್ಣು ಹೋಗಿತ್ತು. "ಯಾರು ಓದಿದ್ರೂ 'ನುಂಗ್ಬೇಡ, ಮುಂದಿನ ಸಾಲು ಹೇಳು' ಅಂತಿದ್ರು. ನಾನು ಕಲಿಯೋ ಹೊತ್ತಿಗೆ ಅಮ್ಮ ಇರ್ಲಿಲ್ಲ."

ಮೇಲ್ ಬರುವ ದಾರಿ, ಹೋಗುವ ದಾರಿ, ಖಾತೆಯ ಹೆಸರು: ಎಲ್ಲವನ್ನೂ ರಿಪೇರಿಯವರು ತಾವೇ ತಡಕಿ ಒತ್ತಿದ್ದಾರೆ. ಉಳಿದಿರುವುದು ಪಾಸ್‌ವರ್ಡ್. ಒಂದೊಂದು ಅಕ್ಷರವನ್ನೂ ಕೋಣೆಗೆಲ್ಲ ಕೇಳುವಂತೆ ಹೇಳಿಕೊಂಡು ಒತ್ತುತ್ತಾರೆ.

"ಯಜಮಾನ್ರೇ, ಮನಸ್ಸಲ್ಲಿ. ಪತ್ರಿಕೆಯವರು ಕೂತಿದ್ದಾರೆ."

"ಕೂತ್ಕೊಳ್ಲಿ ಬಿಡಮ್ಮ. ನಮ್ಮಕ್ಕನ ಸೊಂಟದ ಸುದ್ದಿ ಅವರಿಗ್ಯಾಕೆ?"

ಅಷ್ಟರಲ್ಲಿ ಯಂತ್ರದ ದನಿ ನಿಂತುಹೋಗಿದೆ. ಗಾಬರಿಯಾಗಿ ಅದನ್ನೇ ಮತ್ತೆ ಒತ್ತುತ್ತಾರೆ, ಇನ್ನೊಮ್ಮೆ ಒತ್ತುತ್ತಾರೆ. ಪಾಸ್‌ವರ್ಡ್ ತಪ್ಪೆಂದು ಖಾತೆ ಸ್ವಲ್ಪ ಹೊತ್ತಿನ ಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಮೇಡಂ ಅವರ ಒಂದು ಕೈ ತೊಡೆಯಡಿಯಿಂದ ತಪ್ಪಿಸಿಕೊಂಡು ಕೀಲಿಮಣೆಯವರೆಗೂ ಹೋಗಿ, ಪೆಚ್ಚಾಗಿ ವಾಪಸಾಗುತ್ತದೆ.

"ಕೆಟ್ಟೋಯ್ತಾ?"

"ಇಲ್ಲ. ಪಾಸ್‌ವರ್ಡ್ ಒತ್ತುವಾಗ ಅದು ಮಾತಾಡಲ್ಲ, ಪರದೆ ಮೇಲೂ ತೋರ್ಸಲ್ಲ. ಗಡಿಯಾರದ ಒಳಗೆ ಒಂದೊಂದು ಹಲ್ಲು ಕೂತಾಗ್ಲೂ ಅದು ನಿಮಗೆ 'ಸರಿ' ಅಂತಿತ್ತಾ?"

"ಎಲ್ಲಿ ಅಂತಿತ್ತು. ಬೆರಳಿಗೇ ಗೊತ್ತಾಗ್ತಿತ್ತು."

"ಇದೂ ಅಷ್ಟೇ."

ಇಬ್ಬರೂ ಕಾಯುತ್ತಾರೆ. ಈ ಸಲ ರಿಪೇರಿಯವರು ತುಟಿ ಬಿಗಿದು, ಬೆರಳುಗಳನ್ನಷ್ಟೇ ನಂಬಿ, ಒಂದೇ ಉಸಿರಿಗೆ ಒತ್ತುತ್ತಾರೆ. ದನಿ ಮರಳುತ್ತದೆ. ಅಕ್ಕನ ಹೆಸರು. ಸೊಸೆ ಮೊನ್ನೆ ಓದಿ ಹೇಳಿದ ಅದೇ ಕಾಗದ.

ಮೇಡಂ ತಟ್ಟನೆ ಎದ್ದು ಹೆಡ್‌ಫೋನು ಅವರ ಕೈಗಿಟ್ಟು, ಒರೆಸುವ ಬಟ್ಟೆ ಹಿಡಿದು ಮೆಟ್ಟಿಲಿಗೆ ಹೋಗುತ್ತಾರೆ. ಧೂಳಿಲ್ಲದ ಕಂಬಿಯನ್ನು ಬಹಳ ಹೊತ್ತು ಒರೆಸುತ್ತಾರೆ.

ಗಡಿಯಾರ ರಿಪೇರಿಯವರು ಗೋಡೆ ಹಿಡಿದು ಹೊರಬಂದಾಗ ಕೇಳುವುದು ಒಂದೇ: "ಅಕ್ಕನ ಊರಿಗೆ ಇವತ್ತು ಬಸ್ಸು ಎಷ್ಟೊತ್ತಿಗಮ್ಮ?" ಮೇಡಂ ಹೇಳುತ್ತಾರೆ. ಎರಡು ಮೆಟ್ಟಿಲು ಹತ್ತಿ ಅವರು ನಿಲ್ಲುತ್ತಾರೆ. "ನಮ್ಮ ಸೊಸೆ ಈ ಕಡೆ ಬಂದ್ರೆ ಏನೂ ಅನ್ಬೇಡಿ. ಪಾಪ, ಒಬ್ಬಳೇ ಇಷ್ಟು ದಿನ ಹೊತ್ಕೊಂಡಿದ್ಲು."

ಕಾಗದದಲ್ಲಿ ಏನಿತ್ತೆಂದು ಆಮೇಲೆ ಕೇಳಿದರೆ, ಮೇಡಂ ಬಟ್ಟೆ ಕೊಡವುತ್ತ ಹೇಳುತ್ತಾರೆ:

"ನಂಗೇನು ಗೊತ್ತು? ನಂಗೆ ಗೊತ್ತಾಗಿದ್ರೆ, ನಾನು ಕಲಿಸಿದ್ದೇ ದಂಡ."