ರೂಪ ಮುಖ್ಯವಲ್ಲ ಎಂದು ವಾದಿಸಿದ ದಿನ

ಕಳೆದ ತಿಂಗಳು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಮಾತನಾಡಿದೆ. ಮದುವೆಯ ಮಾತುಕತೆಗೆ ಮೊದಲು ಫೋಟೋ ಕೇಳುವ ಪದ್ಧತಿಯನ್ನು ಬಿಡಬೇಕು, ಮನುಷ್ಯರನ್ನು ಮೈಬಣ್ಣ, ಎತ್ತರ, ಕನ್ನಡಕದ ದಪ್ಪ ನೋಡಿ ಅಳೆಯಬಾರದು ಎಂಬುದು ನಾನು ಹಲವು ವರ್ಷಗಳಿಂದ ಊರೂರಿನ ಕಾಲೇಜುಗಳಲ್ಲಿ ಹೇಳಿಕೊಂಡು ಬಂದಿರುವ ವಿಷಯ. ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನೀವು ಯಾವತ್ತಾದ್ರೂ ಯಾರನ್ನಾದ್ರೂ ನೋಡೋಕೆ ಚೆನ್ನಾಗಿಲ್ಲ ಅಂತ ಬಿಟ್ಟಿದೀರಾ?"

"ನನಗೆ ಅಂಥ ಸಂದರ್ಭ ಬಂದಿಲ್ಲ" ಎಂದೆ. ಚಪ್ಪಾಳೆ ಬಿತ್ತು.

ಸಂದರ್ಭ ಬಂದಿತ್ತು. ನಾನು ಆಗ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಅಂತರಕಾಲೇಜು ಚರ್ಚಾಸ್ಪರ್ಧೆಗೆ ಒಂದೊಂದು ಕಾಲೇಜಿನಿಂದ ಇಬ್ಬರು ಹೋಗಬೇಕು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಇಬ್ಬರ ಅಂಕಗಳನ್ನೂ ಕೂಡಿಸಿ ಪಾರಿತೋಷಕ ಕೊಡುತ್ತಾರೆ. ನನ್ನ ಜೊತೆಗಾರ ಭದ್ರಾವತಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಬಿ.ಎಸ್ಸಿ. ಹುಡುಗ, ಕಾರ್ಖಾನೆಯ ಕಾರ್ಮಿಕರೊಬ್ಬರ ಮಗ. ಕುತ್ತಿಗೆಯವರೆಗೆ ಗುಂಡಿ ಹಾಕಿದ ಶರ್ಟು, ಎಣ್ಣೆ ಹಚ್ಚಿ ಒತ್ತಿ ಬಾಚಿದ ಕೂದಲು, ಮೂಗಿನ ಮೇಲೆ ಸದಾ ಜಾರುತ್ತಿದ್ದ ಕನ್ನಡಕ. ಕಾಲೇಜಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರು ಕಡಿಮೆ; ಸದಾ ಓದುತ್ತಾನೆಂದು ಕುಡುಮಿ, ಇಲ್ಲವೇ ಸೋಡಾಬುಡ್ಡಿ. ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ನಾವಿಬ್ಬರೂ ತಿಂಗಳುಗಟ್ಟಲೆ ವಾದಗಳನ್ನು ತಿದ್ದಿದೆವು. ಅವನ ತಮಾಷೆಗಳು ಸಣ್ಣ ದನಿಯವು, ಪಕ್ಕದಲ್ಲಿ ಕೂತವರಿಗಷ್ಟೇ ಕೇಳಿಸುವಂಥವು. ನಾನು ಪಕ್ಕದಲ್ಲಿ ಕೂರಲು ಕಾಯುತ್ತಿದ್ದೆ.

ನಮ್ಮ ನಡುವೆ ಇದ್ದದ್ದಕ್ಕೆ ನಾವು ಹೆಸರಿಟ್ಟಿರಲಿಲ್ಲ. ಸಂಜೆ ವಿದ್ಯಾನಗರದ ಕಡೆಗೆ ನನ್ನೊಡನೆ ನಡೆದು ಬರುತ್ತಿದ್ದ. ನಮ್ಮ ಬೀದಿ ಬರುವ ಬಹಳ ಮೊದಲೇ ನಾನು "ಇಲ್ಲಿಂದ ಹೋಗ್ತೀನಿ" ಎನ್ನುತ್ತಿದ್ದೆ. ಯಾಕೆಂದು ಅವನು ಕೇಳಲಿಲ್ಲ.

ಆ ವರ್ಷದ ದೊಡ್ಡ ಸ್ಪರ್ಧೆ ಭದ್ರಾವತಿಯಲ್ಲೇ ನಡೆಯಿತು. ವಿಷಯ, ಬದುಕಿನಲ್ಲಿ ಗೆಲ್ಲಲು ರೂಪ ಮುಖ್ಯ ಎಂಬುದು. ಚೀಟಿ ಎತ್ತಿದಾಗ ಅವನಿಗೆ ಪರ ಬಂತು, ನನಗೆ ವಿರೋಧ.

"ಹೋಗಿ ಹೋಗಿ ನಿನಗೇ ಪರ ಬಂತಲ್ಲ ಮಾರಾಯ. ಏನು ಹೇಳ್ತೀಯ?"

"ಹೇಳೋದೇನು? ಹೋಗಿ ನಿಂತ್ಕೋತೀನಿ, ಸಾಕಲ್ಲ." ನಾನು ನಕ್ಕ ಮೇಲೆ, ಸ್ವಲ್ಪ ತಡೆದು ಹೇಳಿದ: "ಮುಗಿದ ಮೇಲೆ ಮನೆಗೆ ಬಾ. ಕ್ವಾರ್ಟರ್ಸು ಇಲ್ಲೇ, ಹತ್ತು ನಿಮಿಷ ನಡೆದ್ರೆ ಆಯ್ತು. ಒಬ್ಬರು ಬರ್ತಾರೆ ಅಂತ ಅಮ್ಮನಿಗೆ ಹೇಳಿದೀನಿ. ಬೆಳಿಗ್ಗೆಯಿಂದ ಹೋಳಿಗೆ ಮಾಡ್ತಿದಾರೆ."

"ಬರ್ತೀನಿ" ಎಂದೆ. ಆ ಮಾತನ್ನು ಮನಃಪೂರ್ವಕವಾಗಿಯೇ ಹೇಳಿದ್ದೆ.

ಅವನು ಮೈಕಿನ ಮುಂದೆ ಹೋಗಿ ನಿಂತ ಕೂಡಲೇ ಸಭಾಂಗಣದ ಹಿಂಭಾಗದಿಂದ ಯಾರೋ ಸಿಳ್ಳೆ ಹಾಕಿದರು; ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಅವನು ಕನ್ನಡಕ ಮೇಲಕ್ಕೇರಿಸಿ, ನಗು ಮುಗಿಯುವವರೆಗೆ ಕಾದ. "ನಾನಿನ್ನೂ ಒಂದು ಮಾತನ್ನೂ ಆಡಿಲ್ಲ, ನೀವು ನಕ್ಕಿರಿ. ನನ್ನ ವಾದಕ್ಕೆ ಮೊದಲ ಸಾಕ್ಷಿ ಇದು" ಎಂದ. ಅವನ ನಂತರ ನಾನು ಎದ್ದು, ಈಗ ನಕ್ಕವರ ನಗು ನಕ್ಕವರನ್ನೇ ಅಳೆಯುತ್ತದೆ, ನಿಂತವನನ್ನಲ್ಲ ಎಂದು ಆರಂಭಿಸಿದೆ. ನನಗೆ ಮೊದಲ ಬಹುಮಾನ ಬಂತು, ಅವನಿಗೆ ಎರಡನೆಯದು, ಪಾರಿತೋಷಕ ನಮ್ಮ ಕಾಲೇಜಿಗೆ.

ಗೇಟಿನ ಹೊರಗೆ ನನ್ನ ತರಗತಿಯ ಮೂವರು ಗೆಳತಿಯರು ಕಾರಿನಲ್ಲಿ ಕಾಯುತ್ತಿದ್ದರು. ಕಾರು ಅವರಲ್ಲೊಬ್ಬಳದು; ಅವಳ ಮನೆಯವರಿಗೆ ಸವಳಂಗ ರಸ್ತೆಯಲ್ಲಿ ಅಂಗಡಿಯಿತ್ತು. ಸ್ಪರ್ಧೆ ನೋಡಲೆಂದೇ ಬಂದಿದ್ದರು.

"ಬಾರೇ, ಶಿವಮೊಗ್ಗಕ್ಕೇ ಹೊರಟಿದೀವಿ" ಎಂದಳು ಕಾರಿನವಳು. ಆಮೇಲೆ ನನ್ನ ಪಕ್ಕದಲ್ಲಿ ಪಾರಿತೋಷಕ ಹಿಡಿದು ನಿಂತವನನ್ನು ನೋಡಿದಳು. "ಏನಮ್ಮಾ, ಸೋಡಾಬುಡ್ಡಿ ಜೊತೆ ಎಲ್ಲಿಗೆ ಸವಾರಿ? ಅತ್ತೆ ಮನೆಗಾ?"

ಅವನು ನಾಚಿಕೊಂಡು ನಕ್ಕ. ನಕ್ಕು ನನ್ನ ಕಡೆ ನೋಡಿದ.

"ಥೂ, ಸುಮ್ನಿರೇ. ನೋಟ್ಸ್ ಕೊಡೋಕೆ ನಿಂತಿದಾನೆ ಅಷ್ಟೇ" ಎಂದೆ.

ಅವನು ಪಾರಿತೋಷಕವನ್ನು ಕಂಕುಳಲ್ಲಿ ಅವುಚಿಕೊಂಡು ಬ್ಯಾಗಿನ ಜಿಪ್ಪು ಎಳೆದ. ಒಳಗಿದ್ದದ್ದು ಒಂದೇ ಪುಸ್ತಕ, ಕಂದು ಕಾಗದದ ಹೊದಿಕೆ ಹಾಕಿದ ಭೌತಶಾಸ್ತ್ರದ ರೆಕಾರ್ಡು. "ಹ್ಞೂಂ, ತಗೋ. ಉಳಿದಿದ್ದು ಆಮೇಲೆ ಕೊಡ್ತೀನಿ" ಎಂದು ಅದನ್ನು ನನ್ನ ಕೈಯಲ್ಲಿಟ್ಟ. ನನ್ನ ಸುಳ್ಳನ್ನು ನಿಜ ಮಾಡಲು ಅವನ ಬಳಿ ಬೇರೇನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅದಕ್ಕೆ ಸಹಿ ಆಗಬೇಕು ಎಂಬುದು ನನಗೆ ಗೊತ್ತಿತ್ತು. ವಾರವಿಡೀ ಅದರ ಚಿತ್ರಗಳನ್ನು ನನ್ನ ಪಕ್ಕದಲ್ಲೇ ಕೂತು ಬರೆದಿದ್ದ. ಆದರೂ ತೆಗೆದುಕೊಂಡೆ, ಕಾರು ಹತ್ತಿದೆ. ಪಾರಿತೋಷಕವನ್ನು ಕಿಟಕಿಯಿಂದ ಅವನೇ ಒಳಗೆ ಕೊಟ್ಟ.

ದಾರಿಯಲ್ಲಿ ಗೆಳತಿಯರು ಅವನ ನಡಿಗೆಯನ್ನು ಅಣಕಿಸಿದರು. ನಾನೂ ನಕ್ಕೆ.

ಮರುದಿನ ಪ್ರಯೋಗಾಲಯದ ಬಾಗಿಲಿಗೆ ಹೋಗಿ ಪುಸ್ತಕ ಕೊಟ್ಟು ಕ್ಷಮೆ ಕೇಳುವುದಕ್ಕೆ ಐದು ನಿಮಿಷ ಸಾಕಿತ್ತು. ಹೋಗಲಿಲ್ಲ. ಅವನ ಮುಖಕ್ಕೂ ನನ್ನ ನಡತೆಗೂ ಸಂಬಂಧವಿಲ್ಲ, ಹೊತ್ತಾಗಿತ್ತು, ಮನೆಯಲ್ಲಿ ಕಾಯುತ್ತಿದ್ದರು, ಗೆಳತಿಯರ ಬಾಯಿಗೆ ಅವನು ಬೀಳದಿರಲೆಂದೇ ಹಾಗೆ ಹೇಳಿದೆ ಎಂದು ಒಂದಾದ ಮೇಲೊಂದು ವಾದ ಕಟ್ಟಿದೆ. ಚರ್ಚೆ ಕಲಿತವರಿಗೆ ಈ ಕೆಲಸ ಸುಲಭ. ಹನ್ನೊಂದರ ಹೊತ್ತಿಗೆ ರೆಕಾರ್ಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಅವನ ಸಹಪಾಠಿಯೊಬ್ಬನ ಕೈಯಲ್ಲಿ ಕಳಿಸಿದೆ. ಅಷ್ಟರಲ್ಲಿ ರೆಕಾರ್ಡ್ ತಂದಿಲ್ಲವೆಂದು ಅವನನ್ನು ಹೊರಗೆ ಕಳಿಸಿಯಾಗಿತ್ತಂತೆ.

ವಾರದ ನಂತರ ಬಸ್ ನಿಲ್ದಾಣದ ಬಳಿ ಎದುರಾದ. ನಾನೇನೋ ಹೇಳಲು ಹೊರಟೆ. ಅದಕ್ಕೆ ಮೊದಲೇ ಅವನು, ತನ್ನ ಸಣ್ಣ ದನಿಯಲ್ಲಿ, ಮೊದಲ ಬಾರಿಗೆ ನನ್ನನ್ನು ಬಹುವಚನದಲ್ಲಿ ಮಾತನಾಡಿಸಿದ.

"ನಿಮಗೆ ಜ್ವರ ಬಂತು ಅಂತ ಅಮ್ಮನಿಗೆ ಹೇಳಿದೀನಿ. ಹೋಳಿಗೆ ತಗೊಂಡು ಹೋಗಿ ಕೊಡು ಅಂದ್ರು, ಜ್ವರಕ್ಕೆ ಆಗಲ್ಲಮ್ಮ ಅಂದೆ. ಎಲ್ಲಾದ್ರೂ ಸಿಕ್ಕಿದ್ರೆ ನೀವೂ ಹಾಗೇ ಹೇಳಿ."

ಬಸ್ಸು ಬಂತು, ಹತ್ತಿದ. ಮುಂದಿನ ಸ್ಪರ್ಧೆಗಳಿಗೆ ನನಗೆ ಬೇರೊಬ್ಬ ಜೊತೆಗಾರ ಸಿಕ್ಕ; ನೋಡಲು ಲಕ್ಷಣವಾಗಿದ್ದ, ಅವನೊಡನೆ ನಮ್ಮ ಬೀದಿಯ ತುದಿಯವರೆಗೂ ನಡೆದು ಬರುತ್ತಿದ್ದೆ.

ಹಿಂದಿನ ಸಾಲಿನ ಆ ಹುಡುಗಿ ಇದನ್ನು ಓದುತ್ತಾಳೋ ಇಲ್ಲವೋ ತಿಳಿಯದು. ಅವಳಿಗೆ ನಾನು ಕೊಡಬೇಕಾಗಿದ್ದ ಉತ್ತರ ಚಿಕ್ಕದು. ಬಿಟ್ಟಿದ್ದೇನೆ. ಹೋಳಿಗೆ ಮಾಡಿ ಕಾಯುತ್ತಿದ್ದ ಮನೆಯೊಂದಕ್ಕೆ ಬರುತ್ತೇನೆಂದು ಹೇಳಿ ಹೋಗಲಿಲ್ಲ. ಅವತ್ತು ನನಗೆ ಜ್ವರ ಇರಲಿಲ್ಲ.