ಹನುಮಕ್ಕನ ಗಿಡಕ್ಕೆ ಬಂದ ಕಾಯಿಲೆ

ಹೊಳವನಹಳ್ಳಿ ಬಸ್‌ಸ್ಟಾಪಿನ ಹಿಂದಿನ ಬೀದಿಯಲ್ಲಿ ಮುದ್ದಣ್ಣನ ಮನೆ ಯಾವುದೆಂದು ಕೇಳಿ ನೋಡಿ. ‘ಬಾಗಿಲ ಮುಂದೆ ಚಪ್ಪಲಿ ರಾಶಿ ಬಿದ್ದಿರ್ತದಲ್ಲ, ಅದೇಯ’ ಎನ್ನುತ್ತಾರೆ. ಮಧುಗಿರಿ–ಪಾವಗಡ ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿ ಆಯಸ್ಸು ಸವೆಸಿದ ಮನುಷ್ಯ ಈಗ ಮನೆಯಲ್ಲಿ ಕೂತಿದ್ದಾನೆ. ಸುಮ್ಮನೆ ಕೂತಿದ್ದಾನೆಯೇ? ಆ ಬಾಯಿ ಸುಮ್ಮನಿದ್ದರೆ ತಾನೆ! ಬೆಳಗಿನ ತಿಂಡಿ ಮುಗಿಯುವುದೇ ತಡ, ಪಡಸಾಲೆಯಲ್ಲಿ ಇಸ್ಪೀಟು ಶುರು. ಹಿಟ್ಟಿನ ಗಿರಣಿಯ ಕದಿರಯ್ಯ, ಮೆಕ್ಕೆಜೋಳ ಬೆಳೆಯುವ ಅಡವಯ್ಯ, ಇನ್ನೂ ಹೋಗುವವರು ಬರುವವರು. ಈ ಸುಖ ಬಿಟ್ಟು ಸ್ವರ್ಗಕ್ಕೆ ಕರೆದರೂ ಮುದ್ದಣ್ಣ ಹೋಗುವವನಲ್ಲ.

ಹೆಂಡತಿ ಹನುಮಕ್ಕ ಕರೆದದ್ದು ಸ್ವರ್ಗಕ್ಕಲ್ಲ, ಪಾವಗಡಕ್ಕೆ. ಮಗಳು ಮಧುಶ್ರೀ ಅಲ್ಲಿ ಟೀಚರು. ಬಾಣಂತಿ ರಜೆ ಮುಗಿದಿತ್ತು, ಕೂಸನ್ನು ನೋಡಿಕೊಳ್ಳಲು ಅಮ್ಮ ಹೋಗಲೇಬೇಕಿತ್ತು.

“ನೀನೂ ಬಾ,” ಎಂದಳು ಹನುಮಕ್ಕ.

“ಅಲ್ಲೇನೈತೆ ನಂಗೆ? ಬೀದಿಗೆ ಇಳಿದ್ರೆ ಎಲ್ಲಾ ತೆಲುಗು.”

“ಆಯಸ್ಸೆಲ್ಲ ಬಸ್ ಬಾಗ್ಲಲ್ಲಿ ನಿಂತ್ಕೊಂಡು ‘ಎಕ್ಕಂಡಿ, ದಿಗಂಡಿ’ ಅಂತ ತೆಲುಗಲ್ಲೇ ಕೂಗ್ದೋನು ನೀನು. ನನ್ ಕಿವಿಗೇ ಹೂ ಮುಡಿಸ್ಬೇಡ.”

ಮುದ್ದಣ್ಣ ಜಗ್ಗಲಿಲ್ಲ. ಆಗ ಅವಳು ಪಡಸಾಲೆಯ ಮೂಲೆಯಲ್ಲಿದ್ದ ಶೋ ಗಿಡದ ಕಡೆ ಕೈ ತೋರಿಸಿದಳು. ಮಗಳು ತಂದುಕೊಟ್ಟಿದ್ದ ಪೀಸ್ ಲಿಲಿ. ಅಗಲ ಎಲೆ, ಬಿಳಿ ಹೂವು, ಪಿಂಗಾಣಿ ಕುಂಡ. “ಗೌರಿ ಹಬ್ಬದ ಹೊತ್ಗೆ ಬತ್ತೀನಿ. ಈ ಗಿಡ ಬದುಕಿದ್ರೆ ನೀನು ಇಲ್ಲೇ ಇರು, ನಾನು ಸೊಲ್ಲೆತ್ತಾಕಿಲ್ಲ. ಸತ್ರೆ ಮಾತ್ರ ತಕರಾರು ಮಾಡ್ದಂಗೆ ನನ್ ಜೊತೆ ಬಸ್ ಹತ್ಬೇಕು.”

“ಇಷ್ಟೇನಾ?” ಎಂದು ಮುದ್ದಣ್ಣ ಮೀಸೆ ತಿರುವಿದ.

ಅವಳು ಹೋದ ಸ್ವಲ್ಪ ದಿನಕ್ಕೇ ಗಿಡ ತಲೆ ಬಗ್ಗಿಸಿತು. ಎಲೆಗಳೆಲ್ಲ ಜೋತುಬಿದ್ದು ಕುಂಡದ ಅಂಚಿಗೆ ಒರಗಿದವು. ಮುದ್ದಣ್ಣ ಇಸ್ಪೀಟು ಕೆಳಗಿಟ್ಟು ಗಿಡದ ಹತ್ತಿರ ಓಡಿದ.

“ಬಾಯಾರ್ಕೆ ಕಣ್ಲಾ ಅದಕ್ಕೆ,” ಎಂದ ಕದಿರಯ್ಯ. ಜೋತುಬಿದ್ದ ಎಲೆ ಕಂಡರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಮುದ್ದಣ್ಣ ಒಂದು ಚೆಂಬು ಸುರಿದ. ಮರುದಿನ ಇನ್ನಷ್ಟು ಜೋತುಬಿತ್ತು, ಕೆಳಗಿನ ಎಲೆಗಳು ಹಳದಿಯಾದವು. “ಸಾರ ಇಲ್ಲ ಅದ್ರಾಗೆ,” ಎಂದು ಅಡವಯ್ಯ ಒಂದು ಹಿಡಿ ಯೂರಿಯಾ ತಂದು ಕುಂಡಕ್ಕೆ ಎರಚಿಯೇಬಿಟ್ಟ. ಮೆಕ್ಕೆಜೋಳದ ಹೊಲಕ್ಕೆ ಹಾಕುವ ಕೈ ಅದು, ಅಳತೆ ಎಲ್ಲಿ ಬರಬೇಕು! ಎಲೆಯ ಅಂಚೆಲ್ಲ ಕಂದಿ ಸುಟ್ಟಂತಾಯಿತು.

“ನಿನ್ ಮನೆ ಕಾಯ್ವಾಗ! ಇದೇನು ನಿನ್ ಜೋಳದ ಹೊಲ ಏನ್ಲಾ?” ಎಂದು ಮುದ್ದಣ್ಣ ಹಾರಾಡಿದ. ಅವನ ಕಣ್ಣ ಮುಂದೆ ಪಾವಗಡದ ಬಸ್ಸು ಬಂದು ನಿಂತಹಾಗಿತ್ತು.

ಇನ್ನು ಯಾರ ಮಾತೂ ಬೇಡವೆಂದು ತಾನೇ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತ. ಮಣ್ಣಿಗೆ ಬೆರಳು ಇಳಿಸಿದರೆ ಕೆಸರು. ಮೂಗು ಹತ್ತಿರ ಒಯ್ದರೆ ಚರಂಡಿ ವಾಸನೆ. ಸಣ್ಣ ಸಣ್ಣ ನುಸಿ ಎದ್ದವು. ತಾನು ನೀರು ಹಾಕಿ ವಾರವಾಗಿತ್ತಲ್ಲ, ಈ ಕೆಸರು ಎಲ್ಲಿಂದ ಬಂತು? ಕಂಡಕ್ಟರ್ ಬುದ್ಧಿ ಎಲ್ಲಿ ಹೋಗುತ್ತದೆ? ಯಾವ ಸ್ಟಾಪಿನಲ್ಲಿ ಯಾರು ಹತ್ತಿದರು ಎಂದು ನೋಡುವುದೇ ಅವನ ಕಸುಬು. ಇಸ್ಪೀಟು ಕೈಯಲ್ಲಿ ಹಿಡಿದೇ ಇಡೀ ದಿನ ಕುಂಡದ ಮೇಲೆ ಕಣ್ಣಿಟ್ಟ.

ಕಳ್ಳತನ ಬಯಲಾಯಿತು. ಮನೆಗೆ ಬಂದವರಿಗೆ ಮೊದಲು ಚೆಂಬಿನಲ್ಲಿ ನೀರು ಕೊಡುವುದು ವಾಡಿಕೆ. ಅರ್ಧ ಕುಡಿಯುತ್ತಾರೆ, ಉಳಿದದ್ದನ್ನು ಗಿಡಕ್ಕೆ ಹಾಕುತ್ತಾರೆ. ಈ ಸೀಮೆಯಲ್ಲಿ ಕುಡಿಯುವ ನೀರನ್ನು ಸುಮ್ಮನೆ ಚೆಲ್ಲುವವನನ್ನು ಮನುಷ್ಯರ ಲೆಕ್ಕಕ್ಕೇ ಇಡುವುದಿಲ್ಲ. ಮೊದಲೆಲ್ಲ ಅಂಗಳದ ದಾಸವಾಳಕ್ಕೆ ಹೋಗುತ್ತಿದ್ದ ಆ ನೀರು ಈಗ ನೆಟ್ಟಗೆ ಪಿಂಗಾಣಿ ಕುಂಡಕ್ಕೆ! ಒಬ್ಬನೂ ಜಾಸ್ತಿ ಹಾಕುತ್ತಿರಲಿಲ್ಲ. ಒಬ್ಬೊಬ್ಬರೇ ಹತ್ತಿ ಬಸ್ಸು ತುಂಬಿದ ಹಾಗೆ ಕುಂಡ ತುಂಬಿತ್ತು. “ಅಂಗಳಕ್ಕೆ ಎದ್ದೋಗಕ್ಕೂ ಸೋಮಾರಿತನ ನನ್ಮಕ್ಳಿಗೆ,” ಎಂದು ಮನಸ್ಸಿನಲ್ಲೇ ಬೈದ. ಬಾಯಿಬಿಟ್ಟು ಹೇಳುವ ಹಾಗಿಲ್ಲ. ನೀರು ಕೊಟ್ಟು ಅದಕ್ಕೂ ಲೆಕ್ಕ ಕೇಳಿದನೆಂದು ಊರೆಲ್ಲ ಆಡಿಕೊಂಡರೆ?

ಎಲ್ಲರೂ ಹೋದ ಮೇಲೆ ಗಿಡವನ್ನು ಕುಂಡದಿಂದ ಕಿತ್ತ. ಪಿಂಗಾಣಿಯ ತಳದಲ್ಲಿ ತೂತೇ ಇಲ್ಲ. ಬೇರುಗಳೆಲ್ಲ ಕಪ್ಪಗೆ ಕೊಳೆತು ಬೆರಳಿಗೆ ಅಂಟುತ್ತಿದ್ದವು. ನಡುವೆ ಒಂದಿಷ್ಟು ಬಿಳಿ ಬೇರು ಮಾತ್ರ ಗಟ್ಟಿಯಾಗಿತ್ತು. ಕೊಳೆತದ್ದನ್ನು ಕತ್ತರಿಸಿ, ಉಳಿದದ್ದನ್ನು ತೊಳೆದು, ತಳ ತೂತು ಮಾಡಿದ ಪೇಂಟಿನ ಡಬ್ಬಕ್ಕೆ ಕೆಮ್ಮಣ್ಣು, ಮರಳು, ತೆಂಗಿನ ನಾರಿನ ಪುಡಿ ತುಂಬಿ ನೆಟ್ಟ. ಅಡುಗೆಮನೆ ಕಿಟಕಿಯ ಬೆಳಕಿಗಿಟ್ಟ. ಮೇಲಿನ ಮಣ್ಣು ಒಣಗಿ ಬೆರಳಿಗೆ ಅಂಟದಿದ್ದಾಗ ಮಾತ್ರ ನೀರು, ಅದೂ ಬೋರಿನ ಉಪ್ಪುನೀರಲ್ಲ, ಕ್ಯಾನಿನ ಫಿಲ್ಟರ್ ನೀರು. ಗೊಬ್ಬರದ ಹೆಸರೇ ಇಲ್ಲ.

ಖಾಲಿ ಪಿಂಗಾಣಿ ಕುಂಡಕ್ಕೆ? ಕೊರಟಗೆರೆಗೆ ಹೋಗಿ ಅದೇ ಥರದ ಪ್ಲಾಸ್ಟಿಕ್ ಗಿಡ ತಂದು ಸಿಕ್ಕಿಸಿದ. ಗೆಳೆಯರು ಅದಕ್ಕೂ ನಿಷ್ಠೆಯಿಂದ ನೀರು ಹುಯ್ದರು. ಮುದ್ದಣ್ಣ ಸಂಜೆ ಸಂಜೆ ಆ ನೀರನ್ನು ದಾಸವಾಳಕ್ಕೆ ಬಗ್ಗಿಸುತ್ತಿದ್ದ.

“ನೋಡ್ಲಾ, ನಾನು ನೀರು ಹುಯ್ದಿದ್ಕೆ ಹೆಂಗೆ ಚಿಗುರೈತೆ!” ಎಂದ ಕದಿರಯ್ಯ.

“ನಿನ್ ನೀರಲ್ಲ, ನನ್ ಯೂರಿಯಾ,” ಎಂದ ಅಡವಯ್ಯ. ಇಬ್ಬರೂ ಪ್ಲಾಸ್ಟಿಕ್ ಗಿಡದ ಮುಂದೆ ನಿಂತು ಜಗಳವಾಡುತ್ತಿದ್ದರೆ ಮುದ್ದಣ್ಣ ಟವಲು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದ.

ಗೌರಿ ಹಬ್ಬಕ್ಕೆ ಹನುಮಕ್ಕ ಬಂದಳು. ಆಗಲೂ ಆಟ ನಡೆದಿತ್ತು. ಬಾಗಿಲಲ್ಲಿ ಬ್ಯಾಗು ಇಳಿಸುತ್ತ ಕುಂಡದ ಕಡೆ ನೋಡಿದಳು. ಹಚ್ಚಹಸಿರು ಕಂಡು ಅವಳ ಮುಖ ಬಾಡಿತು. ಇದೇನಪ್ಪ ಎಂದು ಮುದ್ದಣ್ಣನಿಗೆ ಆಶ್ಚರ್ಯ. ಅವಳು ಹತ್ತಿರ ಹೋಗಿ ಎಲೆ ಮುಟ್ಟಿದಳು, ಮುಖ ಊರಗಲವಾಯಿತು.

“ಪ್ಲಾಸ್ಟಿಕ್ಕು! ಗಿಡ ಸಾಯಿಸ್ಬುಟ್ಟು ನಾಟ್ಕ ಆಡ್ತೀಯಾ? ಏಳು, ಬಟ್ಟೆ ತುಂಬ್ಕೊ.”

ಮುದ್ದಣ್ಣ ಗತ್ತಿನಿಂದ ಅಡುಗೆಮನೆಗೆ ಹೋಗಿ ಪೇಂಟಿನ ಡಬ್ಬ ತಂದಿಟ್ಟ. ಬಡಕಲು ಗಿಡ, ಆದರೆ ನಡುವೆ ಸುರುಳಿ ಬಿಚ್ಚುತ್ತಿದ್ದ ಹೊಸ ಎಲೆ. ಹನುಮಕ್ಕನ ಮುಖ ಮತ್ತೆ ಬಾಡಿತು.

ಕದಿರಯ್ಯ ಪ್ಲಾಸ್ಟಿಕ್ ಎಲೆ ಹಿಸುಕುತ್ತ ಬಾಯಿಬಿಟ್ಟ: “ಅಲ್ಲ ಕಣಮ್ಮ ಹನುಮಕ್ಕ, ನೀನು ಫೋನ್ ಮಾಡಿ ‘ಅವ್ನು ಮರೀತಾನೆ, ಉಳಿದ ನೀರು ಆ ಕುಂಡಕ್ಕೇ ಹಾಕು’ ಅಂದೆ ಅಂತ ನಾನು ದಿನಾ ತಪ್ಪದೆ ಹಾಕ್ದೆ!”

“ನಂಗೂ ಅಂಗೇ ಹೇಳಿದ್ಲು,” ಎಂದ ಅಡವಯ್ಯ.

ಮುದ್ದಣ್ಣ ಹೆಂಡತಿಯತ್ತ ತಿರುಗಿದ. “ಎಲಾ ಇವ್ಳಾ! ಗಿಡ ಕೊಳೆಸಕ್ಕೆ ಹೊಂಚು ಹಾಕಿದ್ದು ನೀನಾ?”

“ಹೂಂ, ನಾನೇಯ. ಏನೀಗ?” ಹನುಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ಮಗಳು ಅಳಿಯ ಕೆಲ್ಸಕ್ಕೆ ಹೋಯ್ತಾರೆ. ಕೂಸು ಮಲಗ್ತದೆ. ಆಮೇಲೆ ಆ ಮನೇಲಿ ಯಾರ್ ಜೊತೆ ಜಗಳ ಆಡ್ಲಿ ನಾನು? ನಿನ್ ಬಾಯಿ ಕೇಳ್ದೆ ನಂಗೆ ಉಂಡಿದ್ದು ಮೈಗೆ ಹತ್ತಾಕಿಲ್ಲ.”

ಮುದ್ದಣ್ಣನಿಗೆ ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ಸುತ್ತ ನೋಡಿದ. ಕದಿರಯ್ಯನಿಗೆಂದು ಇಟ್ಟಿದ್ದ ನೀರಿನ ಚೆಂಬನ್ನು ಎತ್ತಿ, ಒಂದು ಹನಿಯೂ ಉಳಿಸದೆ ಪೇಂಟಿನ ಡಬ್ಬಕ್ಕೆ ಸುರಿಯತೊಡಗಿದ.

“ಅಯ್ಯೋ, ಏನ್ ಮಾಡ್ತಿದ್ದೀಯ? ಬದುಕಿರೋ ಗಿಡ, ಸತ್ತೋಯ್ತದೆ!” ಹನುಮಕ್ಕ ಡಬ್ಬ ಕಸಿದು ಎದೆಗವಚಿಕೊಂಡಳು. ತೂತುಗಳಿಂದ ನೀರು ಅವಳ ಸೀರೆಯ ಮೇಲೆಲ್ಲ ಇಳಿಯಿತು.

“ಸತ್ತೋಯ್ತು ಅಂತ್ಲೇ ತಿಳ್ಕೊ,” ಎಂದ ಮುದ್ದಣ್ಣ. “ನಾನು ಸೋತೆ. ಹಬ್ಬ ಮುಗಿಸ್ಕೊಂಡು ಯಾವ ಬಸ್ಸಿಗೆ ಹೊರಡಾನ ಹೇಳು.”